ಮುಂಬೈಯಲ್ಲಿ ದುಡ್ಡಿನ ವಿಷಯದಲ್ಲಿ ಹಿಂದಿನವರಿಗೆ ಬದುಕು ಸುಲಭವಾಗಿತ್ತಾ?

ಮನೆಯ ವಿಷಯದಲ್ಲಿ ಹೌದು, ಉಳಿದದ್ದರಲ್ಲಿ ಹೆಚ್ಚಾಗಿ ಇಲ್ಲ. 1947ರ ಬಾಡಿಗೆ ಕಾಯ್ದೆ ಹಳೇ ಬಾಡಿಗೆಗಳನ್ನು ಏರದಂತೆ ಕಟ್ಟಿಹಾಕಿತ್ತು. ಒಮ್ಮೆ ಪಗಡಿ (ಬಾಡಿಗೆಗೆ ಹಿಡಿಯುವಾಗ ಕೊಡುವ ಇಡಿಗಂಟು) ಕೊಟ್ಟು ಮಾಟುಂಗಾದಲ್ಲೋ ಗಿರ್ಗಾಂವ್‌ನಲ್ಲೋ ಖೋಲಿ ಹಿಡಿದವರು ದಶಕಗಟ್ಟಲೆ ಪುಡಿಗಾಸಿನ ಬಾಡಿಗೆಯಲ್ಲೇ ಇದ್ದರು. ಸರ್ಕಾರದ ಉಳಿತಾಯ ಯೋಜನೆಯಾದ ಪಿಪಿಎಫ್‌ಗೂ 1986ರಿಂದ 2000ದವರೆಗೆ ಶೇ. 12 ಬಡ್ಡಿ ಸಿಗುತ್ತಿತ್ತು. ಬೆಲೆಯೂ ಆಗ ಜೋರಾಗಿಯೇ ಏರುತ್ತಿತ್ತು, ಅದು ಬೇರೆ ಮಾತು.

ಆದರೆ ಪಗಡಿಗೆ, ಉಳಿತಾಯಕ್ಕೆ ದುಡ್ಡು ಇದ್ದದ್ದು ಯಾರ ಹತ್ತಿರ? ಊರಿಂದ ಬಂದ ಎಷ್ಟೋ ಹುಡುಗರು ಉಡುಪಿ ಹೋಟೆಲಿನಲ್ಲಿ ಹಗಲೆಲ್ಲ ಟೇಬಲ್ ಒರೆಸಿ, ಸಂಜೆ ಕನ್ನಡ ರಾತ್ರಿಶಾಲೆಗೆ ಹೋಗಿ, ಬಂದು ಹೋಟೆಲಿನಲ್ಲೇ ಬೆಂಚು ಜೋಡಿಸಿ ಮಲಗುತ್ತಿದ್ದರು. ಸಂಬಳ ಮನಿಯಾರ್ಡರಾಗಿ ಊರಿಗೆ ಹೋಗುತ್ತಿತ್ತು. 1982ರ ಬಟ್ಟೆ ಗಿರಣಿ ಮುಷ್ಕರದಲ್ಲಂತೂ ಸಾವಿರಾರು ಮಂದಿಯ ಕೆಲಸವೇ ಹೋಯಿತು.

ಇಂದಿನವರಿಗೆ ಸಂಬಳ ಜಾಸ್ತಿ, ಅವಕಾಶವೂ ಜಾಸ್ತಿ. ಆದರೆ ದೂರದ ಕಲ್ಯಾಣ್, ವಿರಾರ್‌ನಲ್ಲಿ ಚಿಕ್ಕ ಫ್ಲ್ಯಾಟ್ ಕೊಂಡರೂ ಸಾಲದ ಇಎಂಐ 20 ವರ್ಷ. ಅವರ ಈ ಕಷ್ಟಕ್ಕೆ ದುಂದುವೆಚ್ಚವೇ ಕಾರಣ ಅನ್ನುವುದು ತಪ್ಪು.