ಎರಡು ಲ್ಯಾಬ್, ಎರಡು ಎಚ್‌ಎಲ್‌ಎ ರಿಪೋರ್ಟ್: ಯಾವುದು ಸರಿ?

ಪ್ರಶ್ನೆ: ನನ್ನ ತಮ್ಮನಿಗೆ ರಕ್ತದ ಕ್ಯಾನ್ಸರ್. ಬೋನ್ ಮ್ಯಾರೋ ಕಸಿ ಆಗಬೇಕಂತೆ. ಅವನ ಎಚ್‌ಎಲ್‌ಎ ಪರೀಕ್ಷೆ ಎರಡು ಲ್ಯಾಬಿನಲ್ಲಿ ಮಾಡಿಸಿದೆವು. ಒಂದರಲ್ಲಿ ಎ*02 ಅಂತಿದೆ, ಇನ್ನೊಂದರಲ್ಲಿ ಎ*02:11. ಯಾವುದು ತಪ್ಪು?
– ಓದುಗರು, ದಾವಣಗೆರೆ

ಉತ್ತರ: ಯಾವುದೂ ತಪ್ಪಲ್ಲ, ಗಾಬರಿಯಾಗಬೇಡಿ. ಎಚ್‌ಎಲ್‌ಎ ಅಂದ್ರೆ ದೇಹ ತನ್ನದು ಯಾವುದು, ಹೊರಗಿನದು ಯಾವುದು ಎಂದು ಗುರುತಿಸಲು ಬಳಸುವ ಜೀವಕೋಶದ ಮೇಲಿನ ಗುರುತು; ಕಸಿಗೆ ದಾನಿಯದೂ ರೋಗಿಯದೂ ಹೊಂದಬೇಕು. ‘ಎ’ ಅನ್ನೋದು ಇಂಥ ಒಂದು ಜೀನಿನ ಹೆಸರು. 02 ಅನ್ನೋದು ಮನೆತನದ ಹೆಸರು, 02:11 ಅಂದ್ರೆ ಆ ಮನೆಯ ಇಂಥವರೇ ಅಂತ.

ಮೊದಲು ಈ ಪರೀಕ್ಷೆಯಲ್ಲಿ ಡಿಎನ್‌ಎ ನೋಡುತ್ತಲೇ ಇರಲಿಲ್ಲ. 1964ರಲ್ಲಿ ಅಮೆರಿಕದ ವಿಜ್ಞಾನಿ ಪಾಲ್ ತೆರಸಾಕಿ ರೂಪಿಸಿದ ವಿಧಾನದಲ್ಲಿ ಜೀವಂತ ಬಿಳಿರಕ್ತಕಣಗಳ ಮೇಲೆ ಸೀರಂ (ಪ್ರತಿಕಾಯಗಳಿರುವ ರಕ್ತದ ದ್ರವ) ಹಾಕಿ, ಯಾವುದು ಸಾಯುತ್ತದೆ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಸಿಗುತ್ತಿದ್ದದ್ದು ಮನೆತನ ಮಾತ್ರ. ಆಮೇಲೆ ಎಸ್‌ಎಸ್‌ಪಿ, ಎಸ್‌ಎಸ್‌ಒ ಎಂಬ ಡಿಎನ್‌ಎ ಪರೀಕ್ಷೆಗಳು ಬಂದವು. ಇವು ಮೊದಲೇ ಗೊತ್ತಿರುವ ಡಿಎನ್‌ಎ ತುಣುಕು ಇದೆಯೋ ಇಲ್ಲವೋ ನೋಡುತ್ತವೆ. ಬೇಗ ಆಗುತ್ತದೆ, ಖರ್ಚೂ ಕಡಿಮೆ. ನಿಮ್ಮ ಮೊದಲ ರಿಪೋರ್ಟ್ ಬಹುಶಃ ಈ ಬಗೆಯದು.

ಸ್ಯಾಂಗರ್ ಎಂಬ ಇನ್ನೊಂದು ವಿಧಾನ ಡಿಎನ್‌ಎಯನ್ನು ಅಕ್ಷರ ಅಕ್ಷರ ಓದುತ್ತದೆ. ಆದರೆ ತಾಯಿಯ ಪ್ರತಿ, ತಂದೆಯ ಪ್ರತಿ ಎರಡನ್ನೂ ಒಟ್ಟಿಗೇ ಓದುತ್ತದೆ. ಗ್ರಾಫಿನಲ್ಲಿ ಒಂದೇ ಜಾಗದಲ್ಲಿ ಡಿಎನ್‌ಎ ಅಕ್ಷರಗಳಾದ ಎ, ಜಿ ಎರಡೂ ಒಂದರ ಮೇಲೊಂದು ಕೂತಿರುತ್ತವೆ. ಯಾವುದು ಯಾರ ಕಡೆಯದು? ಅಲ್ಲೇ ಗೊಂದಲ. ಎನ್‌ಜಿಎಸ್ ಎಂಬ ಹೊಸ ವಿಧಾನ ಒಂದೊಂದು ಡಿಎನ್‌ಎ ಎಳೆಯನ್ನೂ ಬೇರೆಬೇರೆಯಾಗಿ ಓದುವುದರಿಂದ ಈ ತೊಡಕು ಬಹುಪಾಲು ಇಲ್ಲ. ಆದರೆ ದಿನಗಳು ಹಿಡಿಯುತ್ತವೆ. ಮೃತ ದಾನಿಯ ಕಿಡ್ನಿಗೆ ಅಷ್ಟು ಹೊತ್ತು ಕಾಯಲಾಗದು, ಅಲ್ಲಿ ಗಂಟೆಗಳಲ್ಲಿ ಮುಗಿಯುವ ಪರೀಕ್ಷೆಯೇ ಬೇಕು. ಹಾಗಾಗಿ ಹೊಸದೇ ಎಲ್ಲ ಕಡೆಗೂ ಒಳ್ಳೇದು ಎನ್ನಲಾರೆ.

ನಮ್ಮ ಜನರ ವಿಷಯ ಬೇರೆ. ಯುರೋಪಿನವರಲ್ಲಿ 02 ಎಂದರೆ ಬಹುಪಾಲು 02:01. ನಮ್ಮಲ್ಲಿ 02:11, 02:06 ಕೂಡ ಸಾಕಷ್ಟು. ಬರೀ 02 ನೋಡಿ ಒಳಗಿರುವುದು ಯಾವುದೆಂದು ಊಹಿಸುವ ಹಾಗೇ ಇಲ್ಲ. ದಾನಿ 02:01 ಆಗಿದ್ದರೆ ಮೊದಲ ರಿಪೋರ್ಟಿನ ಪ್ರಕಾರ ಹೊಂದಾಣಿಕೆ, ಎರಡನೆಯದರ ಪ್ರಕಾರ ಇಲ್ಲ!

ನೀವೇ ದಾನಿಯಾಗುವ ಯೋಚನೆ ಇದ್ದರೆ ಪೂರ್ತಿ ಹೊಂದುವ ಸಾಧ್ಯತೆ ಶೇ 25. ಅಪ್ಪ ಅಮ್ಮನದೂ ಪರೀಕ್ಷೆ ಮಾಡಿಸಿ. ಈ ಜೀನ್‌ಗಳು 6ನೇ ಕ್ರೋಮೋಸೋಮಿನಲ್ಲಿ ಒತ್ತೊತ್ತಾಗಿದ್ದು, ಸಾಮಾನ್ಯವಾಗಿ ಗುಂಪಾಗಿಯೇ ಮಕ್ಕಳಿಗೆ ಬರುತ್ತವೆ. ಯಾವ ಗುಂಪು ಯಾರಿಗೆ ಹೋಗಿದೆ ಎಂಬುದು ಆಗ ಸ್ಪಷ್ಟವಾಗುತ್ತದೆ. ಹೊರಗಿನ ದಾನಿಯಾದರೆ ಎ, ಬಿ, ಸಿ, ಡಿಆರ್‌ಬಿ1, ಡಿಕ್ಯೂಬಿ1 ಐದೂ ಜೀನ್‌ಗಳಿಗೆ 02:11 ಮಾದರಿಯ ಪೂರ್ತಿ ಸಂಖ್ಯೆಯ ರಿಪೋರ್ಟ್ ಕೇಳಿ. ಕಸಿಗೆ ಮುಂಚೆ ಹೊಸ ಸ್ಯಾಂಪಲ್ ತೆಗೆದು ಮತ್ತೊಮ್ಮೆ ಖಚಿತಪಡಿಸಿಕೊಳ್ಳುವುದು ವಾಡಿಕೆ. ಸುಮ್ನೆ ದುಡ್ಡು ದಂಡ ಅಂತ ಅದನ್ನು ಬಿಡಬೇಡಿ.