ಅಂಗವೈಕಲ್ಯದ ಕಾರಣಕ್ಕೆ ಕೆಲಸ ಹೋಗಿ, ರಿಟ್ ಅರ್ಜಿಯೂ ವಜಾ ಆದರೆ ಮುಂದೇನು?

ತುಮಕೂರಿನಲ್ಲಿ ಸರ್ಕಾರಿ ನಿಗಮವೊಂದರ ಚಾಲಕರಾಗಿದ್ದ ನಿಮ್ಮ ಅಣ್ಣನವರು ಸೇವೆಯಲ್ಲಿದ್ದಾಗಲೇ ಕಾಲು ಊನವಾಗಿ ಕೆಲಸ ಕಳೆದುಕೊಂಡಿದ್ದಾರೆ, ಅವರ ರಿಟ್ ಅರ್ಜಿಯನ್ನು ಹೈಕೋರ್ಟಿನ ಏಕಸದಸ್ಯ ಪೀಠ ವಜಾ ಮಾಡಿದೆ ಎಂದು ಬರೆದಿದ್ದೀರಿ.

ಸಂವಿಧಾನದ 226ನೇ ವಿಧಿಯಡಿ ಹೊರಟ ಆ ಆದೇಶದ ವಿರುದ್ಧ, ಕರ್ನಾಟಕ ಹೈಕೋರ್ಟ್ ಕಾಯ್ದೆ, 1961ರ ಕಲಂ 4ರಂತೆ ದ್ವಿಸದಸ್ಯ ಪೀಠಕ್ಕೆ ರಿಟ್ ಮೇಲ್ಮನವಿ ಸಲ್ಲಿಸಬಹುದು. ಅವಧಿ 30 ದಿನ. ದೃಢೀಕೃತ ನಕಲು ಪಡೆಯಲು ಹಿಡಿಯುವ ಕಾಲ ಇದರಲ್ಲಿ ಸೇರುವುದಿಲ್ಲವಾದರೂ ನಕಲಿಗೆ ಕೂಡಲೇ ಅರ್ಜಿ ಹಾಕಿ. ತಡವಾಗಿದ್ದರೆ ವಿಳಂಬ ಮನ್ನಾ ಕೋರಿ ಪ್ರತ್ಯೇಕ ಅರ್ಜಿ ಬೇಕು.

ವಜಾಕ್ಕೆ ಕೊಟ್ಟಿರುವ ಕಾರಣವನ್ನು ಗಮನವಿಟ್ಟು ಓದಿ. ಕಾರ್ಮಿಕ ನ್ಯಾಯಾಲಯಕ್ಕೆ ಹೋಗಬೇಕಿತ್ತು ಎಂದಷ್ಟೇ ಹೇಳಿದ್ದರೆ ಆ ದಾರಿಯೇ ಹತ್ತಿರವಾಗಬಹುದು. ‘ವೈದ್ಯಕೀಯವಾಗಿ ಅನರ್ಹ, ಆದ್ದರಿಂದ ತೆಗೆದದ್ದು ಸರಿ’ ಎಂದಿದ್ದರೆ ಮೇಲ್ಮನವಿಗೆ ಗಟ್ಟಿ ಆಧಾರವಿದೆ: ವಿಕಲಚೇತನರ ಹಕ್ಕುಗಳ ಕಾಯ್ದೆ, 2016ರ ಕಲಂ 20(4)ರ ಪ್ರಕಾರ ಸೇವೆಯ ಅವಧಿಯಲ್ಲಿ ಅಂಗವೈಕಲ್ಯಕ್ಕೆ ಒಳಗಾದ ನೌಕರನನ್ನು ಸರ್ಕಾರಿ ಸಂಸ್ಥೆ ತೆಗೆಯುವಂತಿಲ್ಲ, ಹಿಂಬಡ್ತಿ ನೀಡುವಂತಿಲ್ಲ, ಅದೇ ವೇತನ ಶ್ರೇಣಿಯ ಬೇರೆ ಹುದ್ದೆಗೆ ಬದಲಿಸಬೇಕು, ಅದೂ ಆಗದಿದ್ದರೆ ಸೂಕ್ತ ಹುದ್ದೆ ಸಿಗುವವರೆಗೆ ಅಥವಾ ನಿವೃತ್ತಿಯವರೆಗೆ ಸೂಪರ್‌ನ್ಯೂಮರರಿ ಹುದ್ದೆಯಲ್ಲಿ (ಮಂಜೂರಾದ ಹುದ್ದೆಗಳಿಗೆ ಹೆಚ್ಚುವರಿಯಾಗಿ ಸೃಷ್ಟಿಸುವ ಹುದ್ದೆ) ಇರಿಸಿಕೊಳ್ಳಬೇಕು. 1995ರ ಹಳೆಯ ಕಾಯ್ದೆಯ ಇಂಥದೇ ಕಲಂ 47ನ್ನು ಸುಪ್ರೀಂ ಕೋರ್ಟ್ 2003ರ ಕುನಾಲ್ ಸಿಂಗ್ ಪ್ರಕರಣದಲ್ಲಿ ಕಡ್ಡಾಯವೆಂದು ಎತ್ತಿಹಿಡಿದಿದೆ. ಹಾಗಾಗಿ ನಿಗಮ ತನ್ನ ಸಮರ್ಥನೆಗೆ ತೋರಿಸುವ ‘ಚಾಲನೆಗೆ ಅನರ್ಹ’ ಎಂಬ ವೈದ್ಯಕೀಯ ಪ್ರಮಾಣಪತ್ರವೇ, ನನ್ನ ದೃಷ್ಟಿಯಲ್ಲಿ, ನಿಮ್ಮ ಅಣ್ಣನವರ ಪರವಾದ ಮುಖ್ಯ ದಾಖಲೆ.

ವಕೀಲರ ಖರ್ಚಿನ ಚಿಂತೆಯಿದ್ದರೆ, ವಿಕಲಚೇತನರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ತುಮಕೂರಿನ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ವಿಚಾರಿಸಿ.