ನದಿಯಲ್ಲಿ ಮೀನಿದೆ, ಹಾಗಾದ್ರೆ ನೀರು ಚೆನ್ನಾಗಿದೆ ಅಂತಾನಾ?

ಪ್ರಶ್ನೆ: ನಗರದ ಮಧ್ಯೆ ಹರಿಯುವ ನದಿ, ಚರಂಡಿ ನೀರು ಸೇರುತ್ತದೆ, ವಾಸನೆಯೂ ಇದೆ. ಆದರೂ ಮೀನುಗಳು ಆರಾಮಾಗಿ ಓಡಾಡುತ್ತಿರುತ್ತವೆ. ಮೀನು ಬದುಕಿದೆ ಅಂದ್ರೆ ನೀರು ಅಷ್ಟೇನೂ ಕೆಟ್ಟಿಲ್ಲ ಅಂತ ಅಲ್ವಾ ಸರ್? ಹಾಗಿದ್ದರೆ ಮಳೆ ಬಂದ ಮಾರನೇ ದಿನ ರಾಶಿ ರಾಶಿ ಸತ್ತು ತೇಲೋದ್ಯಾಕೆ?

ಉತ್ತರ: ಮೊದಲು ಅದು ಯಾವ ಮೀನು ಅಂತ ನೋಡಿ. ಕೆಲವು ಕ್ಯಾಟ್‌ಫಿಶ್‌ಗಳು ಮೇಲೆ ಬಂದು ನೇರವಾಗಿ ಗಾಳಿಯನ್ನೇ ಕುಡಿಯುತ್ತವೆ. ತಿಲಾಪಿಯ ಎಂಥ ನೀರಿಗೂ ಒಗ್ಗಿಕೊಳ್ಳುತ್ತದೆ. ಮೊದಲಿದ್ದ ಹತ್ತಾರು ಜಾತಿಗಳು ಹೋಗಿ ಇಂಥವೆರಡೇ ಉಳಿದಿದ್ದರೆ, ಮೀನಿದೆ ಅಂತ ಖುಷಿಪಡುವಂಥದ್ದೇನೂ ಇಲ್ಲ.

ಉಳಿದಿರುವ ಒಂದು ಮೀನಿನ ಕಿವಿರಿನ ಮುಚ್ಚಳ ಎತ್ತಿ ನೋಡಿ. ಆರೋಗ್ಯವಾಗಿದ್ದರೆ ಒಳಗೆ ಕಡುಗೆಂಪು ಬಣ್ಣ, ಬಾಚಣಿಗೆ ಹಲ್ಲಿನ ಹಾಗೆ ಬಿಡಿಬಿಡಿ ಎಳೆಗಳು. ಕೊಳಚೆಯಲ್ಲಿ ಬೆಳೆದ ಮೀನಿನಲ್ಲಿ ಎಷ್ಟೋ ಸಲ ಅದು ಪೇಲವವಾಗಿ, ಲೋಳೆ ಮೆತ್ತಿಕೊಂಡು, ಎಳೆಗಳು ಊದಿ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಕೊಳಚೆ ನೀರಿನಲ್ಲಿರುವ ಅಮೋನಿಯಾ ಮಾಡುವ ಕೆಲಸಗಳಲ್ಲಿ ಇದೂ ಒಂದು. ನೀರಲ್ಲಿ ಆಕ್ಸಿಜನ್ ಮೊದಲೇ ಕಡಿಮೆ, ಅದನ್ನು ಎಳೆದುಕೊಳ್ಳಬೇಕಾದ ಕಿವಿರೂ ಹಾಳು, ಹಾಗಾಗಿ ಉಸಿರಾಡುವುದಕ್ಕೇ ಅದರ ಶಕ್ತಿಯೆಲ್ಲ ಖರ್ಚಾಗಿ ಬೆಳೆಯೋಕೆ, ಮೊಟ್ಟೆ ಕಟ್ಟೋಕೆ, ರೋಗದ ಜೊತೆ ಹೋರಾಡೋಕೆ ಏನೂ ಉಳಿಯಲ್ಲ.

ಮಳೆಯ ವಿಷಯಕ್ಕೆ ಬರೋಣ. ಹೆಚ್ಚಿನ ಮೀನುಗಳಿಗೆ ಲೀಟರ್ ನೀರಿನಲ್ಲಿ ಸುಮಾರು 5 ಮಿಲಿಗ್ರಾಂ ಆಕ್ಸಿಜನ್ ಬೇಕು, 2ಕ್ಕಿಂತ ಕೆಳಗೆ ಇಳಿದರೆ ಬಹಳಷ್ಟು ಮೀನು ಉಳಿಯಲ್ಲ. ಚರಂಡಿಯಲ್ಲಿ ತಿಂಗಳುಗಟ್ಟಲೆ ಕೂತಿದ್ದ ಕೊಳೆಯನ್ನು ಮೊದಲ ಜೋರು ಮಳೆ ಒಂದೇ ಸಲ ನದಿಗೆ ತಳ್ಳುತ್ತದೆ. ಅದನ್ನು ಕೊಳೆಸುವ ಬ್ಯಾಕ್ಟೀರಿಯಾಗಳು ಇದ್ದಬದ್ದ ಆಕ್ಸಿಜನ್ ಖಾಲಿ ಮಾಡುತ್ತವೆ, ರಾತ್ರಿ ಪಾಚಿಯೂ ಆಕ್ಸಿಜನ್ ಕೊಡುವ ಬದಲು ತಾನೇ ಬಳಸುತ್ತದೆ, ಬೆಳಗಾಗುವಷ್ಟರಲ್ಲಿ ಮೀನು ಬಾಯಿ ಬಿಟ್ಟುಕೊಂಡು ಮೇಲೆ ಬಂದಿರುತ್ತದೆ. ರಸ್ತೆಯ ನೀರಿನದ್ದು ಇನ್ನೊಂದು ಕತೆ. ಅಮೆರಿಕದ ಸಿಯಾಟಲ್ ಸುತ್ತಮುತ್ತ ಮಳೆ ಬಂದಾಗಲೆಲ್ಲ ಕೋಹೋ ಸಾಲ್ಮನ್‌ಗಳು ಮೊಟ್ಟೆ ಇಡುವ ಮೊದಲೇ ಸಾಯುತ್ತಿದ್ದವು. ಎಷ್ಟೋ ವರ್ಷ ಹುಡುಕಿದ ಮೇಲೆ 2020ರಲ್ಲಿ ಕಾರಣ ಸಿಕ್ಕಿತು: ಸವೆದ ಟೈರಿನ ಪುಡಿಯಿಂದ ಬರುವ 6ಪಿಪಿಡಿ-ಕ್ವಿನೋನ್ ಎಂಬ ರಾಸಾಯನಿಕ.

ಆದರೆ ನನಗೆ ಸತ್ತ ಮೀನಿಗಿಂತ ಬದುಕಿರುವ ಮೀನಿನದ್ದೇ ಜಾಸ್ತಿ ಚಿಂತೆ. ಬ್ರಿಟನ್ನಿನ ನದಿಗಳಲ್ಲಿ, ಸಂಸ್ಕರಿಸಿದ ಕೊಳಚೆ ನೀರು ಬಿಡುವ ಜಾಗದ ಕೆಳಗಡೆ ರೋಚ್ ಎಂಬ ಮೀನುಗಳನ್ನು ಹಿಡಿದು ಕುಯ್ದು ನೋಡಿದರೆ ಗಂಡು ಮೀನಿನ ವೃಷಣದೊಳಗೇ ಮೊಟ್ಟೆ! 1998ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಕೆಲವು ಕಡೆ ಸಿಕ್ಕ ಗಂಡುಗಳೆಲ್ಲ ಹೀಗೇ ಇದ್ದವು. ನಮ್ಮ ಮೂತ್ರದಲ್ಲಿ ಹೋಗುವ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು, ಗರ್ಭನಿರೋಧಕ ಮಾತ್ರೆಯಲ್ಲಿರುವ ಕೃತಕ ಹಾರ್ಮೋನು, ಇವು ಸಂಸ್ಕರಣೆಯಲ್ಲೂ ಪೂರ್ತಿ ಹೋಗಲ್ಲ. ಕೆನಡಾದಲ್ಲಿ 2001ರಿಂದ 2003ರವರೆಗೆ ಒಂದು ಪ್ರಯೋಗದ ಕೆರೆಗೆ ಆ ಕೃತಕ ಹಾರ್ಮೋನನ್ನು ಲೀಟರಿಗೆ 5-6 ನ್ಯಾನೊಗ್ರಾಂನಷ್ಟು ಬೆರೆಸಿದರು. ಒಂದು ಗ್ರಾಂ ಅನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೊಗ್ರಾಂ, ಅಷ್ಟೇ. ಅಷ್ಟಕ್ಕೇ ಆ ಕೆರೆಯ ಫ್ಯಾಟ್‌ಹೆಡ್ ಮಿನ್ನೋ ಎಂಬ ಪುಟ್ಟ ಮೀನುಗಳು ಹೆಚ್ಚುಕಮ್ಮಿ ನಾಶವಾದವು. ಸತ್ತು ತೇಲಲಿಲ್ಲ, ಮರಿ ಹುಟ್ಟೋದೇ ನಿಂತುಹೋಯಿತು.

ತಾಮ್ರದ ಬಗ್ಗೆ ಒಂದು ಮಾತು, ಯಾಕಂದ್ರೆ ಇದನ್ನು ಯಾರೂ ಕೇಳಲ್ಲ. ವಾಹನಗಳ ಬ್ರೇಕ್ ಪ್ಯಾಡ್ ಸವೆದು ರಸ್ತೆಗೆ ಬೀಳುವ ತಾಮ್ರ ಚೂರೇ ಚೂರು ನದಿ ಸೇರಿದರೂ ಮೀನಿನ ಮೂಗು ಕೆಡುತ್ತದೆ. ಬೇಟೆಗಾರ ಹತ್ತಿರ ಬಂದರೂ ಅದಕ್ಕೆ ವಾಸನೆ ಹತ್ತಲ್ಲ. ನೋಡೋಕೆ ಮಾತ್ರ ಚೆನ್ನಾಗಿಯೇ ಇರುತ್ತದೆ.

ಪರಿಸ್ಥಿತಿ ಸುಧಾರಿಸಲ್ಲ ಅಂತಲ್ಲ. ಆ ಕೆನಡಾದ ಕೆರೆಗೆ ಹಾರ್ಮೋನು ಹಾಕೋದು ನಿಲ್ಲಿಸಿದ ಕೆಲವು ವರ್ಷಕ್ಕೆ ಮಿನ್ನೋಗಳು ಮತ್ತೆ ತುಂಬಿಕೊಂಡವು. ನಿಮ್ಮ ನದಿ ಹೇಗಿದೆ ಅಂತ ತಿಳಿಯಬೇಕಾದರೆ ಮಧ್ಯಾಹ್ನ ಹೋಗಬೇಡಿ, ಸೂರ್ಯ ಹುಟ್ಟುವ ಹೊತ್ತಿಗೆ ಹೋಗಿ. ದೊಡ್ಡ ಮೀನು ಬಿಡಿ, ದಡದ ಹತ್ತಿರ ಬೆರಳುಗಾತ್ರದ ಮರಿಗಳಿವೆಯಾ ನೋಡಿ.